ನೊರೆ ಇಳಿದ ಮೇಲೆ

ನಮ್ಮ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಪೇಂಟ್ ಫ್ಯಾಕ್ಟರಿಯಲ್ಲಿ ಇಟ್ಟಿದ್ದ ಹೆಸರು ‘ಕಣ್ಣು’. ಅರ್ಧ ಮೆಚ್ಚಿ ಇಟ್ಟಿದ್ದು, ಅರ್ಧ ಕಾಟ ತಡೆಯಲಾರದೆ ಇಟ್ಟಿದ್ದು. ಗೋಡೆಗೆ ಬಳಿಯುವ ಬಣ್ಣ ಪ್ರತಿ ಸಲ ಕಲಸಿದಾಗಲೂ ಹಿಂದಿನ ಸಲದ ಹಾಗೇ ಬರಬೇಕಲ್ಲ, ಬಂದಿದೆಯೋ ಇಲ್ಲವೋ ಅಂತ ನೋಡಿ ಹೇಳುವುದು ಅವರ ಕೆಲಸ. ಹೊಸ ಮಾಲಿನಿಂದ ಬಿಳಿ ಕಾರ್ಡಿನ ಮೇಲೆ ಒಂದು ಪಟ್ಟಿ ಎಳೆದು, ಹಳೇ ಕಾರ್ಡಿನ ಪಕ್ಕ ಹಿಡಿದು, ಕಿಟಕಿ ಹತ್ತಿರ ಹೋಗಿ ಒಂದು ಕಣ್ಣು ಸಣ್ಣಗೆ ಮಾಡುತ್ತಿದ್ದರು. “ಒಂದೆಳೆ ಕೆಂಪು ಜಾಸ್ತಿ” ಅಂದುಬಿಟ್ಟರೆ ಡ್ರಮ್ಮುಗಟ್ಟಲೆ ಮಾಲು ವಾಪಸ್ಸು. ಮ್ಯಾನೇಜರ್ ಕೂಡ ಎದುರು ಮಾತಾಡುತ್ತಿರಲಿಲ್ಲವಂತೆ. ಇದನ್ನು ಹೇಳಿದವರು ಭಾವನೇ.

ಆ ಕಣ್ಣನ್ನು ಸಂಜೆ ಫ್ಯಾಕ್ಟರಿಯಲ್ಲೇ ಬಿಟ್ಟು ಬಂದಿದ್ದರೆ ನಾವೆಲ್ಲ ಬದುಕಿಕೊಳ್ಳುತ್ತಿದ್ದೆವು. ಮನೆಗೂ ತರುತ್ತಿದ್ದರು. ಪಕ್ಕದ ಮನೆಯವರು ಕಾರಿನ ತಗ್ಗು ತೆಗೆಸಿ, ಹೊಸದಾಗಿ ಪೇಂಟ್ ಹೊಡೆಸಿ, ಖುಷಿಯಾಗಿ ನಿಂತಿದ್ದರೆ ಹೋಗಿ “ಹಿಂದಿನ ಬಾಗಿಲು ಬೇರೆ ಬಿಳಿ” ಅನ್ನುವುದು. ಅಕ್ಕ ದಿಂಬಿಗೆ ಕವರು ಹೊಲಿದರೆ ದಾರ ಒಂದು ಕೈಯಲ್ಲಿ, ಬಟ್ಟೆ ಒಂದು ಕೈಯಲ್ಲಿ ಹಿಡಿದು ನಿಟ್ಟುಸಿರು ಬಿಡುವುದು. ನಾನೂ ಅಮ್ಮನೂ ಅವರ ಮನೆಯ ಮೇಲಿನ ಕೋಣೆಯಲ್ಲಿದ್ದೇವೆ, ಔಷಧಿ ಅಂಗಡಿಯಲ್ಲಿ ಇಡೀ ದಿನ ನಿಂತು ಕಾಲು ಊದಿಸಿಕೊಂಡು ಬಂದರೆ ನನಗೆ ಸಿಗುತ್ತಿದ್ದ ಸ್ವಾಗತ ಇದು: “ಏನಮ್ಮ, ಎಡಗಾಲಿನ ಚಪ್ಪಲಿ ಬಲಗಾಲಿನದಕ್ಕಿಂತ ಮಾಸಿದೆಯಲ್ಲ?” ನನಗೂ ಬಾಯಿ ಇದೆ. “ಹೌದು ಭಾವ, ಡ್ರಮ್ಮು ವಾಪಸ್ ಕಳಿಸಿ” ಅಂದು ಮೆಟ್ಟಿಲು ಹತ್ತುತ್ತಿದ್ದೆ.

ಆಮೇಲೆ ಮೆಷಿನ್ನು ಬಂತು. ಹಿಡಿ ಗಾತ್ರದ ಪೆಟ್ಟಿಗೆ. ಕಾರ್ಡಿನ ಮೇಲೆ ಇಟ್ಟು ಗುಂಡಿ ಒತ್ತಿದರೆ ಎಷ್ಟು ಕೆಂಪು, ಎಷ್ಟು ಹಳದಿ ಅಂತ ಅದೇ ಹೇಳುತ್ತದೆ. ಅದನ್ನು ನೋಡಿಕೊಳ್ಳಲು ಒಬ್ಬ ಹುಡುಗಿ ಬಂದಳು. ಭಾವನನ್ನು ಮರ್ಯಾದೆಯಾಗಿ, ಇನ್ನೂ ಸರ್ವಿಸ್ ಇರುವಾಗಲೇ, ಮನೆಗೆ ಕಳಿಸಿದರು. ಬೀಳ್ಕೊಡುವ ದಿನ ಒಂದು ಗೋಡೆ ಗಡಿಯಾರ ಕೊಟ್ಟರು. ಭಾವ ಅದನ್ನು ಬೆಳಕಿಗೆ ಹಿಡಿದು, ಎಲ್ಲರ ಎದುರಿಗೇ, “ಮುಖದ ಬಿಳಿಗೂ ಮುಳ್ಳಿನ ಬಿಳಿಗೂ ಹೊಂದಿಕೆಯಿಲ್ಲ” ಅಂದರು. ಚಪ್ಪಾಳೆ ಹೊಡೆಯಲು ಎತ್ತಿದ ಕೈಗಳು ಅಲ್ಲಲ್ಲೇ ನಿಂತವು.

ಅವತ್ತಿನಿಂದ ಮನುಷ್ಯ ಮಂಕಾಗಿಬಿಟ್ಟರು. ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಕುರ್ಚಿಯಲ್ಲಿ ಕೂತುಬಿಡುವುದು. ಎಲ್ಲಿಗೂ ಹೋಗುವುದಿಲ್ಲ, ಯಾರ ಬಾಗಿಲಿನ ಬಿಳಿಯನ್ನೂ ನೋಡುವುದಿಲ್ಲ. ಯಾವಾಗಲೋ ಒಮ್ಮೆ ಅಕ್ಕನ ಹತ್ತಿರ ಅಂದರಂತೆ: “ಆ ಗೇಟಿನ ಒಳಗಿನವರು ಯಾರಾದರೂ ಒಬ್ಬರು, ನಿನ್ನ ಕಣ್ಣು ಸುಳ್ಳಾಗಿರಲಿಲ್ಲ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು ಕಣೇ.” ಅಷ್ಟೇ ಅವರಿಗೆ ಬೇಕಿದ್ದದ್ದು. ಅಷ್ಟನ್ನು ಮಾತ್ರ ಯಾರೂ ಹೇಳಿರಲಿಲ್ಲ, ಗಡಿಯಾರ ಕೊಟ್ಟು ಕೈ ತೊಳೆದುಕೊಂಡಿದ್ದರು.

ಹೀಗಿರುವಾಗ ನಮ್ಮಮ್ಮನಿಗೆ ಉಳಿದಿದ್ದ ನಾಲ್ಕು ಹಲ್ಲನ್ನೂ ಕೀಳಿಸಬೇಕಾಯಿತು. ಅಗಿಯುವ ಹಾಗಿಲ್ಲ. ಭಾವ ಏನು ಅನ್ನಿಸಿತೋ ಏನೋ, ಎದ್ದು ಅಡುಗೆಮನೆಗೆ ಹೋದರು. ಅವರು ಆ ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ಮಾಡಿದ್ದ ಒಂದೇ ಕೆಲಸ ಅಂದರೆ ಗೋಡೆಯ ಟೈಲ್ಸಿಗೆ ಹೆಸರಿಟ್ಟಿದ್ದು. ಅವತ್ತು ಮಾವಿನಹಣ್ಣು ಹೆಚ್ಚಿ, ಫ್ರೀಜರಿನಲ್ಲಿ ಕಲ್ಲಾಗಿದ್ದ ಬಾಳೆಹಣ್ಣಿನ ತುಂಡು ಹಾಕಿ, ಅರ್ಧ ಅನಾನಸ್ ಸುಲಿದು, ಗಟ್ಟಿ ಹಾಲು, ತೆಂಗಿನಹಾಲು ಸುರಿದು ಮಿಕ್ಸಿ ತಿರುವಿದರು. ಲೋಟಕ್ಕೆ ಬಗ್ಗಿಸಿದರೆ ಕೆನೆ ಕೆನೆಯಾಗಿ, ತಣ್ಣಗೆ, ಮೇಲೆ ಒಂದು ಬೆರಳು ನೊರೆ. ಅಮ್ಮ ಎರಡು ಲೋಟ ಕುಡಿದು ಮೂರನೆಯದಕ್ಕೆ ಕೈ ಚಾಚಿದಳು. ನಾನೂ ಕುಡಿದೆ. ಸುಳ್ಳು ಯಾಕೆ ಹೇಳಲಿ, ಅಮೃತ!

“ಭಾವ, ಸೂಪರ್” ಅಂದೆ. ಅಕ್ಕನ ಮಗಳು ಮೊಬೈಲಿನಲ್ಲಿ ಫೋಟೋ ತೆಗೆದು, “ಅಪ್ಪ, ಇದಕ್ಕೆ ಸ್ಮೂದಿ ಅಂತಾರೆ, ಹೊರಗಡೆ ಇದನ್ನೇ ಮಾರಿ ದುಡ್ಡು ಮಾಡ್ಕೋತಾರೆ” ಅಂದಳು. ಭಾವ ನಕ್ಕರು. ಎಷ್ಟೋ ತಿಂಗಳಾದ ಮೇಲೆ ನಕ್ಕಿದ್ದು. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಪಾತ್ರೆ ತೊಳೆಯಲು ತಿರುಗಿದಳು.

ಅಲ್ಲಿಗೆ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮೆಚ್ಚಿದ್ದನ್ನು ಮೆಚ್ಚಿದ ಹಾಗೇ ಬಿಡುವ ಜಾತಿಯೇ ಅಲ್ಲ ನಮ್ಮ ಭಾವ. ಮಾರನೆಯ ದಿನವೇ ಲೋಟವನ್ನು ಕಿಟಕಿಗೆ ಒಯ್ದು, ಒಂದು ಕಣ್ಣು ಸಣ್ಣಗೆ ಮಾಡಿ, “ನೊರೆ ಇದೆ” ಅಂದರು.

“ಮಿಕ್ಸಿ ತಿರುವಿದರೆ ನೊರೆ ಬರದೆ ಇನ್ನೇನು ಬರುತ್ತೆ?” ಅಂದೆ.

“ನೊರೆ ಅಂದ್ರೆ ಒಳಗೆ ಗಾಳಿ. ಗಾಳಿ ಇರೋವರೆಗೂ ಬಣ್ಣ ನಿಜ ಹೇಳಲ್ಲ. ಯಾವ ಮಾಲನ್ನೂ ಕಲಸಿದ ತಕ್ಷಣ ಪಾಸ್ ಮಾಡಬಾರದಮ್ಮ. ಬಿಡಬೇಕು. ಕೂರಬೇಕು.”

ಅವತ್ತಿನಿಂದ ಸ್ಮೂದಿಯನ್ನು ರಾತ್ರಿಯೇ ತಿರುವಿ ಫ್ರಿಜ್ಜಿನಲ್ಲಿ ಕೂರಿಸುವುದು ಶುರುವಾಯಿತು. ಬೆಳಿಗ್ಗೆ ತೆಗೆದು ಚಮಚದಲ್ಲಿ ಉಳಿದ ನೊರೆ ಕೆನೆ ತೆಗೆದ ಹಾಗೆ ತೆಗೆಯುವುದು. ಬಾಳೆಹಣ್ಣು ಕಪ್ಪಾಗದಿರಲಿ ಅಂತ ನಿಂಬೆರಸ. ಫ್ಯಾಕ್ಟರಿಯಿಂದ ತಂದುಕೊಂಡಿದ್ದ, ತಳದಲ್ಲಿ ತೂತಿರುವ ಒಂದು ಸಣ್ಣ ಬಟ್ಟಲಿತ್ತು. ಪೇಂಟು ಎಷ್ಟು ಗಟ್ಟಿ ಅಂತ ನೋಡುವುದಕ್ಕೆ. ಸ್ಮೂದಿಯನ್ನು ಅದರಲ್ಲಿ ಸುರಿದು, ಕೆಳಗೆ ಇಳಿಯುವ ಧಾರೆ ಎಲ್ಲಿ ತುಂಡಾಗುತ್ತದೆ ಅಂತ ಬಗ್ಗಿ ನೋಡುವುದು. ಕೊನೆಗೆ ಒಂದು ಬಿಳಿ ಕಾರ್ಡಿನ ಮೇಲೆ ಪಟ್ಟಿ ಎಳೆದು ಮೊದಲ ದಿನದ ಫೋಟೋದ ಪಕ್ಕ ಹಿಡಿಯುವುದು. ಫ್ರಿಜ್ಜಿನ ಬಾಗಿಲ ತುಂಬ ಒಣಗಿದ ಮಾವಿನ ಪಟ್ಟಿಗಳು. ಇರುವೆಗಳಿಗೆ ಹಬ್ಬವೋ ಹಬ್ಬ.

ಒಂದು ಕೆಲಸ ಮಾತ್ರ ಮಾಡುತ್ತಿರಲಿಲ್ಲ. ರುಚಿ ನೋಡುತ್ತಿರಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ, ಡಾಕ್ಟರು ಹಣ್ಣಿನ ರಸ ಮುಟ್ಟಬೇಡಿ ಅಂದಿದ್ದರು, ಅದು ನೆಪ. “ಒಂದು ತೊಟ್ಟು ನಾಲಿಗೆಗೆ ಹಾಕ್ಕೊಂಡ್ರೆ ಪ್ರಾಣ ಹೋಗಲ್ಲ ಭಾವ” ಅಂದರೆ ನನ್ನನ್ನೇ ಗದರಿದರು: “ಮೂವತ್ತು ವರ್ಷ ಪೇಂಟ್ ಪಾಸ್ ಮಾಡಿದೀನಿ. ಒಂದು ದಿನಾನಾದ್ರೂ ನೆಕ್ಕಿ ನೋಡಿದೀನಾ?”

ಕೂರಿಸಿದ ಸ್ಮೂದಿಯನ್ನು ಮೊದಲ ದಿನ ಬಾಯಿಗೆ ಇಟ್ಟಾಗ ನನ್ನ ಕಿವಿ ತನಕ ಕಹಿ ಹತ್ತಿತು. ನಮ್ಮ ಅಂಗಡಿಯ ಫಾರ್ಮಸಿಸ್ಟರನ್ನು ಕೇಳಿದೆ. “ಹಸಿ ಅನಾನಸ್ಸನ್ನು ಹಾಲಿನ ಜೊತೆ ಬಹಳ ಹೊತ್ತು ಇಟ್ಟರೆ ಕಹಿಯಾಗೇ ಆಗುತ್ತೆ, ಮಾಡಿದ ಕೂಡಲೇ ಕುಡಿದುಬಿಡಬೇಕು” ಅಂದರು. ಅಷ್ಟೇ ವಿಷಯ. ಒಂದು ನಿಮಿಷದಲ್ಲಿ ಹೇಳಿ ಮುಗಿಸಬಹುದಾದ ಮಾತು. ಅದನ್ನು ಹೇಳದೆ ನಾವು ನಾಲ್ಕು ಜನ, ಬುದ್ಧಿ ಇರುವವರು, ಬೇಸಿಗೆಯುದ್ದಕ್ಕೂ ಆ ಕಷಾಯ ಕುಡಿದೆವು.

ಯಾಕೆ ಅಂದರೆ ಭಾವ ಎದುರಿಗೇ ನಿಂತಿರುತ್ತಿದ್ದರು. ಲೋಟ ಕೈಗೆ ಕೊಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಕೈ ಕಟ್ಟಿ ನಮ್ಮ ಮುಖವನ್ನೇ ನೋಡುತ್ತಿದ್ದರು. ಅಮ್ಮ ಹಲ್ಲಿಲ್ಲದ ಬಾಯಲ್ಲಿ “ಚೆನ್ನಾಗಿದೆ ಅಳಿಯಂದಿರೇ” ಅಂದು, ಅವರು ಆಚೆ ತಿರುಗಿದ ಕೂಡಲೇ ಬೆಲ್ಲದ ಡಬ್ಬಿಗೆ ಕೈ ಹಾಕುತ್ತಿದ್ದಳು. ಅಕ್ಕ ಉಸಿರು ಬಿಗಿಹಿಡಿದು ಒಂದೇ ಗುಟುಕಿಗೆ ಇಳಿಸಿ “ಇವತ್ತು ಇನ್ನೂ ಚೆನ್ನಾಗಿದೆ ರೀ” ಅನ್ನುತ್ತಿದ್ದಳು. ಮಗಳು “ಬೆಸ್ಟ್ ಅಪ್ಪ, ಆಫೀಸಲ್ಲಿ ಕುಡೀತೀನಿ” ಅಂತ ಬಾಟಲಿಗೆ ತುಂಬಿಸಿಕೊಂಡು ಹೋಗುವುದು. ಆ ಆಫೀಸಿನ ಸಿಂಕು ಎಷ್ಟು ಕುಡಿದಿದೆಯೋ ದೇವರೇ ಬಲ್ಲ. ಇನ್ನು ನಾನು, ಊರಿಗೆಲ್ಲ ಬಾಯಿಬಡುಕಿ ಅನ್ನಿಸಿಕೊಂಡವಳು, “ಸೂಪರ್ ಭಾವ” ಅನ್ನುತ್ತಿದ್ದೆ. ಹೇಳಲು ಹೊರಟಾಗಲೆಲ್ಲ ಅಕ್ಕ ತೋಳು ಚಿವುಟುತ್ತಿದ್ದಳು. “ಬಾಯಿ ಮುಚ್ಕೊಂಡು ಕುಡಿ. ಆ ಮನುಷ್ಯ ನಗ್ತಿರೋದು ನಿನಗೆ ಕಾಣಲ್ವಾ?”

ಕಾಣುತ್ತಿತ್ತು. ಅದಕ್ಕೇ ಕುಡಿದೆ.

ಒಂದು ದಿನ ಬಸ್ ಸ್ಟಾಪಿನಲ್ಲಿ ಭಾವನಿಗೆ ಫ್ಯಾಕ್ಟರಿ ಕ್ಯಾಂಟೀನಿನ ಮೇಲ್ವಿಚಾರಕ ಸಿಕ್ಕಿದ್ದಾನೆ. ಭಾವ ಸ್ಮೂದಿಯ ವಿಷಯ ಕೊರೆದಿದ್ದಾರೆ. ಬಸ್ಸು ಬೇರೆ ಬರಲಿಲ್ಲ ಅಂತ ಕಾಣುತ್ತೆ, ತಪ್ಪಿಸಿಕೊಳ್ಳಲು ಆತ ಅಂದಿದ್ದಾನೆ: “ಒಂದು ಸಲ ತಗೊಂಡ್ ಬನ್ನಿ ಸಾರ್. ಬೇಸಿಗೆ ಅಲ್ವಾ, ಚೆನ್ನಾಗಿದ್ರೆ ಕ್ಯಾಂಟೀನಲ್ಲೇ ಇಡೋಣ.” ಕಾಟಾಚಾರಕ್ಕೆ ಅಂದ ಮಾತು. ಭಾವನಿಗೆ ಅದು ಸಾಕ್ಷಾತ್ ಆರ್ಡರು. ಮನೆಗೆ ಬಂದವರೇ, “ಸೋಮವಾರ ಫ್ಯಾಕ್ಟರಿಗೆ ಹೋಗ್ತಿದೀನಿ” ಅಂದರು. ಸ್ಮೂದಿ ಕೊಡಲಿಕ್ಕೆ ಅನ್ನಲಿಲ್ಲ ನೋಡಿ. ಫ್ಯಾಕ್ಟರಿಗೆ ಹೋಗ್ತಿದೀನಿ.

ಮನೆಯೊಳಗೆ ನಾಲ್ಕು ಜನ ಮುಖ ಹಿಂಡಿಕೊಂಡು ಕುಡಿಯುವುದು ಬೇರೆ, ಆ ಗೇಟಿನ ಒಳಗೆ ಹೋಗಿ ಕಹಿ ಹಂಚಿ ನಗೆಪಾಟಲಾಗುವುದು ಬೇರೆ. ಯಾವ ಜನರ ಬಾಯಲ್ಲಿ ಒಂದು ಒಳ್ಳೆ ಮಾತು ಬೇಕು ಅಂತ ಕಾದಿದ್ದರೋ ಅವರೇ ಇವರನ್ನು ಆಡಿಕೊಂಡು ನಗುತ್ತಾರೆ. ಭಾನುವಾರ ಸಂಜೆ ಅಕ್ಕನಿಗೆ ಹೇಳಿದೆ: “ನೀನು ಹೇಳ್ತೀಯೋ ನಾನು ಹೇಳಲೋ?” ಅಕ್ಕ ಕೈ ಕೈ ಹಿಸುಕಿಕೊಂಡಳು. “ಇಷ್ಟು ದಿನ ಬಿಟ್ಟು ಈಗ ಹೇಳಿದ್ರೆ, ಇಷ್ಟು ದಿನ ಸುಳ್ಳು ಹೇಳಿದ್ರಾ ಅಂತ ಕೇಳ್ತಾರೆ ಕಣೇ. ಏನಂತ ಹೇಳಲಿ?” ಸುಳ್ಳಿನ ಬಾಲ ಅಷ್ಟು ಉದ್ದ ಬೆಳೆದಿತ್ತು.

ಸೋಮವಾರ ಬೆಳಿಗ್ಗೆ ಹೇಳಿಯೇಬಿಡೋಣ ಅಂತ ಕೆಳಗೆ ಇಳಿದರೆ, ಭಾವ ನುಣ್ಣಗೆ ಮುಖ ಕ್ಷೌರ ಮಾಡಿಕೊಂಡು ಬೂಟಿಗೆ ಪಾಲಿಶ್ ಹಾಕುತ್ತಿದ್ದರು. ಎರಡೂ ಬೂಟು ಒಂದೇ ಕಪ್ಪಿಗೆ ಬರಬೇಕಲ್ಲ, ಕಿಟಕಿಗೆ ಹಿಡಿದು ಹಿಡಿದು ನೋಡುತ್ತಿದ್ದರು. ನನ್ನ ಬಾಯಿಗೆ ಬೀಗ ಬಿತ್ತು. “ಕ್ಯಾನು ಭಾರ ಇದೆ, ನೀನೂ ಬಾರಮ್ಮ” ಅಂದರು. ಅಂಗಡಿಗೆ ಅರ್ಧ ದಿನ ರಜೆ ಹಾಕಿ ಹೋದೆ. ಒಂದು ಕೈಯಲ್ಲಿ ರಾತ್ರಿಯೆಲ್ಲ ಕೂತು ನೊರೆ ಇಳಿಸಿಕೊಂಡ ಸ್ಮೂದಿಯ ಕ್ಯಾನು, ಇನ್ನೊಂದರಲ್ಲಿ ಹಣ್ಣಿನ ಚೀಲ. ಮಾಡಿ ತೋರಿಸಿ ಅಂದರೆ ಇರಲಿ ಅಂತ ಭಾವ ತುಂಬಿಸಿದ್ದು.

ಗೇಟಿನಲ್ಲಿ ಹೊಸ ಕಾವಲುಗಾರ. “ಯಾರನ್ನ ನೋಡ್ಬೇಕು?” ಅಂದ. ಭಾವ ಸುಮ್ಮನೆ ಅವನ ಮುಖ ನೋಡಿದರು. ತನ್ನನ್ನು ಗುರುತು ಹಿಡಿಯಲು ಟೈಮು ಕೊಡುತ್ತಿದ್ದರು ಪಾಪ. ಅವನು ಚೀಟಿ ಬರೆದು ಕುತ್ತಿಗೆಗೆ ‘ಸಂದರ್ಶಕರು’ ಅನ್ನುವ ಹಲಗೆ ನೇತುಹಾಕಿದ. ಮೂವತ್ತು ವರ್ಷ ಒಳಗಿದ್ದವರು ಸಂದರ್ಶಕರಾಗಿ ಒಳಗೆ ಹೋದರು.

ಕ್ಯಾಂಟೀನಿನಲ್ಲಿ ಮೇಲ್ವಿಚಾರಕ ಇದ್ದ. ಭಾವ ನಿಜವಾಗಿಯೂ ಬಂದುಬಿಟ್ಟರಲ್ಲ ಅಂತ ಬೆಪ್ಪಾಗಿ ನಿಂತಿದ್ದ. ಭಾವನ ಜೊತೆ ಕೆಲಸ ಮಾಡಿದ್ದ ಇಬ್ಬರು ಹಳಬರು, ಕಲಸುವ ವಿಭಾಗದ ಮೇಸ್ತ್ರಿ ಮತ್ತು ಸ್ಟೋರಿನವರು, ಬಂದು ಬೆನ್ನು ತಟ್ಟಿದರು. ಮೂಲೆಯ ಮೇಜಿನಲ್ಲಿ ಮೆಷಿನ್ ಹುಡುಗಿ ಒಬ್ಬಳೇ ಊಟದ ಡಬ್ಬಿ ಬಿಚ್ಚಿ ಕೂತಿದ್ದಳು. ಭಾವ ಅವಳ ಕಡೆ ತಿರುಗಲಿಲ್ಲ. ಆದರೆ ಲೋಟ ಬಗ್ಗಿಸುವಾಗ ನಾಲ್ಕನೆಯದನ್ನೂ ಬಗ್ಗಿಸಿ ಅವಳ ಮುಂದೆ ಇಟ್ಟು ಬಂದರು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಕೈ ಕಟ್ಟಿ ನಿಂತರು.

ಮೇಸ್ತ್ರಿ ಒಂದು ಗುಟುಕು ಕುಡಿದ. ಮುಖದ ಮೇಲೆ ಏನೋ ಹಾದುಹೋಯಿತು. “ಆಹಾ!” ಅಂದ. ಸ್ಟೋರಿನವರು “ಏನ್ ಸಾರ್ ಇದು, ಭಾರಿ ಮಾಡಿದೀರ” ಅಂದರು. ಮೇಲ್ವಿಚಾರಕ ತಲೆ ಆಡಿಸಿ ಆಡಿಸಿ, “ಒಳ್ಳೇದಿದೆ ಸಾರ್, ನೋಡೋಣ, ಮೇಲಿನವರ ಹತ್ರ ಮಾತಾಡಿ ಹೇಳ್ತೀನಿ” ಅಂದು ಲೋಟವನ್ನು ದೂರ ಸರಿಸಿದ. ನಮ್ಮ ಮನೆಯವರೇ ಮೂರು ಜನ ಪ್ಯಾಂಟು ತೊಟ್ಟು ಬಂದು ನಿಂತ ಹಾಗಿತ್ತು. ಭಾವನ ಮುಖ ಅರಳಿತು. ಸದ್ಯ ಬಚಾವಾದೆವು ಅಂದುಕೊಂಡೆ ನಾನು, ನಾಚಿಕೆ ಬಿಟ್ಟು.

“ಕಹಿ ಇದೆ ಸರ್.”

ಮೂಲೆಯಿಂದ ಬಂತು. ಹುಡುಗಿ ಲೋಟ ಕೆಳಗಿಟ್ಟು, ನೀರು ಕುಡಿದು, ಮತ್ತೆ ಅಂದಳು: “ತುಂಬಾ ಕಹಿ ಇದೆ. ಅನಾನಸ್ ಹಾಕಿ ಇಟ್ಟಿದ್ರಾ?” ದನಿಯಲ್ಲಿ ಕುಹಕ ಎಳ್ಳಷ್ಟೂ ಇರಲಿಲ್ಲ. ಕಾರ್ಡು ನೋಡಿ ಕೆಂಪು ಜಾಸ್ತಿ ಅಂದ ಹಾಗೆ ಅಂದಳು.

“ಸಾಧ್ಯವೇ ಇಲ್ಲ” ಅಂದರು ಭಾವ. “ನಮ್ಮನೇಲಿ ದಿನಾ ಕುಡೀತಾರೆ.” ನನ್ನ ಕಡೆ ತಿರುಗಿದರು. “ಹೇಳಮ್ಮ.”

ಎಲ್ಲರೂ ನನ್ನನ್ನೇ ನೋಡಿದರು. ಅಕ್ಕ ಚಿವುಟಲು ಪಕ್ಕದಲ್ಲಿರಲಿಲ್ಲ. “ಕಹಿ ಇದೆ ಭಾವ” ಅಂದೆ. “ಕೂರಿಸೋಕೆ ಶುರು ಮಾಡಿದಾಗಿನಿಂದ ಕಹಿನೇ.”

ಭಾವ ಮೇಲ್ವಿಚಾರಕ ಸರಿಸಿಟ್ಟಿದ್ದ ಲೋಟ ಎತ್ತಿ ಬಾಯಿಗಿಟ್ಟರು. ಮೊದಲನೇ ಸಲ. ಕಣ್ಣು ಮುಚ್ಚಿ ನುಂಗಿದರು. ಕೆನ್ನೆ ಎರಡು ಸಲ ಅದುರಿತು. ಲೋಟ ಇಟ್ಟು, “ರಿಜೆಕ್ಟ್” ಅಂದರು.

ಆ ಹುಡುಗಿ ಒಳ್ಳೆಯವಳು, ಅದನ್ನು ಹೇಳಲೇಬೇಕು. “ಚೀಲದಲ್ಲಿ ಹಣ್ಣಿದೆಯಲ್ಲ ಸರ್, ಇಲ್ಲೇ ಮಾಡಿ, ಹಾಗೇ ಕುಡಿಯೋಣ” ಅಂತ ತಾನೇ ಎದ್ದು ಕ್ಯಾಂಟೀನಿನ ಮಿಕ್ಸಿ ತೊಳೆದುಕೊಟ್ಟಳು. ಭಾವ ಯಂತ್ರದ ಹಾಗೆ ಹೆಚ್ಚಿದರು. ಮಾವು, ಬಾಳೆ, ಅನಾನಸ್, ಕ್ಯಾಂಟೀನಿನ ಗಟ್ಟಿ ಹಾಲು, ನಾವು ತಂದಿದ್ದ ತೆಂಗಿನಹಾಲು, ಮೇಲೆ ಒಂದು ಹಿಡಿ ಐಸು. ತಿರುವಿ ನೊರೆಯ ಸಮೇತ ಬಗ್ಗಿಸಿದರು. ಕಿಟಕಿಗೆ ಒಯ್ಯಲಿಲ್ಲ.

ಮೇಸ್ತ್ರಿ ಈ ಸಲ “ಆಹಾ” ಅನ್ನಲಿಲ್ಲ, ಒಂದೇ ಉಸಿರಿಗೆ ಕುಡಿದು ಬೆರಳು ಹಾಕಿ ಲೋಟದ ಅಂಚು ಒರೆಸಿದ. ಸ್ಟೋರಿನವರ ಮೀಸೆಯೆಲ್ಲ ನೊರೆ. ಮೇಲ್ವಿಚಾರಕ, “ಸಾರ್, ಆಣೆ ಮಾಡಿ ಹೇಳ್ತೀನಿ, ಇದು ನಿಜವಾಗ್ಲೂ ಚೆನ್ನಾಗಿದೆ! ನಾಳೆಯಿಂದಲೇ ಬನ್ನಿ, ನಮ್ಮವರಿಗೆ ಹೇಳಿಕೊಡಿ. ಗೇಟ್ ಪಾಸು ನಾನು ಮಾಡಿಸ್ತೀನಿ” ಅಂದ. ಹುಡುಗಿ ಎರಡನೇ ಲೋಟ ಬಗ್ಗಿಸಿಕೊಳ್ಳುತ್ತಿದ್ದಳು. ನನಗೆ ಕುಣಿದಾಡುವಷ್ಟು ಖುಷಿ. ಕಾದಿದ್ದದ್ದು ಬಂದೇಬಿಟ್ಟಿತಲ್ಲ!

ಭಾವ ಅವರ ಮುಖಗಳನ್ನು ಒಂದೊಂದಾಗಿ ನೋಡಿದರು. “ಈಗ ಚೆನ್ನಾಗಿದೆ ಅಂತಿರೋವರೇ ಆಗ್ಲೂ ಚೆನ್ನಾಗಿದೆ ಅಂದ್ರಿ” ಅಂದರು. ಗದರಿಸಿದ್ದಲ್ಲ, ಮೆಲ್ಲಗೆ ಅಂದರು. ಕ್ಯಾನಿನಲ್ಲಿ ಉಳಿದಿದ್ದದ್ದನ್ನು ಮೋರಿಗೆ ಚೆಲ್ಲಿ, ತೊಳೆದು, ಕುತ್ತಿಗೆಯ ಹಲಗೆ ಬಿಚ್ಚಿ ಗೇಟಿನಲ್ಲಿ ಕೊಟ್ಟು ಹೊರಟರು. ನಾನು ಹಿಂದೆ ಹಿಂದೆ ಓಡಿದೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರು. ನನಗೆ ಸುಮ್ಮನಿರಲು ಬರುವುದಿಲ್ಲ, ವಟಗುಟ್ಟುತ್ತಲೇ ಇದ್ದೆ: ನಾಳೆ ಹೋಗಿ ಭಾವ, ಅವರು ಮನಸಾರೆ ಅಂದಿದ್ದು, ಆ ಹುಡುಗಿ ಕೂಡ ಎರಡು ಲೋಟ ಕುಡಿದಳಲ್ಲ ಅಂತ. ಬಹಳ ಹೊತ್ತು ಕೇಳಿಸಿಕೊಂಡು ಭಾವ ಕೇಳಿದರು:

“ಇಷ್ಟು ದಿನ ಯಾಕೆ ಹೇಳಲಿಲ್ಲ?”

“ನೀವು ಎದುರಿಗೇ ನಿಂತಿರ್ತಿದ್ರಿ ಭಾವ. ಹೇಗೆ ಹೇಳೋದು?”

ಅವರು ತಲೆ ಆಡಿಸಿದರು. “ಫ್ಯಾಕ್ಟರೀಲೂ ಕಾರ್ಡು ಹಿಡ್ಕೊಂಡು ಎದುರಿಗೇ ನಿಂತಿರ್ತಿದ್ದೆ” ಅಂದರು. “ಈ ಬಣ್ಣ ಸರಿ ಇದೆ ಅಂದಾಗ ಒಬ್ಬರೂ ‘ಇಲ್ಲ’ ಅಂದಿದ್ದೇ ಇಲ್ಲ. ಮೂವತ್ತು ವರ್ಷ. ಮೊದಲು ಇಲ್ಲ ಅಂದಿದ್ದು ಆ ಮೆಷಿನ್ನು.”

ನನಗೆ ಪಿತ್ತ ನೆತ್ತಿಗೇರಿತು. ಯಾರ ಮೇಲೆ ಅಂತ ಕೇಳಬೇಡಿ. ನಮ್ಮೆಲ್ಲರ ಮೇಲೂ. ಬಸ್ಸಿನ ಜನ ತಿರುಗಿ ನೋಡುವಷ್ಟು ಜೋರಾಗಿ ಅಂದೆ: “ಭಾವ, ಅದು ಬೇರೆ, ಇದು ಬೇರೆ! ನಿಮ್ಮ ಕಣ್ಣು ಯಾವತ್ತೂ ತಪ್ಪಿಲ್ಲ. ಆ ಕಾರಿನ ಹಿಂದಿನ ಬಾಗಿಲು ನಿಜವಾಗ್ಲೂ ಬೇರೆ ಬಿಳಿ. ಪಕ್ಕದ ಮನೆಯವರೇ ಆಮೇಲೆ ನನ್ನ ಹತ್ರ ಒಪ್ಪಿಕೊಂಡ್ರು. ನನ್ನ ಎಡಗಾಲಿನ ಚಪ್ಪಲಿ ಮಾಸಿತ್ತು. ಆ ದರಿದ್ರ ಕಷಾಯ ಕೂಡ ಒಂದು ದಿನವೂ ಮೊದಲ ದಿನದ ಬಣ್ಣಕ್ಕಿಂತ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ. ನಿಜ ಹೇಳ್ತಿದೀನಿ!”

ಒಂದಕ್ಷರ ಸುಳ್ಳಿರಲಿಲ್ಲ ಅದರಲ್ಲಿ. ಅವರು ಇಷ್ಟು ದಿನ ಕಾದಿದ್ದ ಮಾತೇ ಅದು. ಆದರೆ ಬೇಸಿಗೆಯೆಲ್ಲ ‘ಸೂಪರ್ ಭಾವ’ ಅಂದಿದ್ದೂ ಇದೇ ಬಾಯಿ. ಭಾವ ನನ್ನ ಮುಖ ನೋಡಿದರು, ಸೋತ ಮಗುವನ್ನು ಸಮಾಧಾನ ಮಾಡುವ ಹಾಗೆ ನಕ್ಕರು.

“ಆಯ್ತಮ್ಮ” ಅಂದರು. “ನೀನು ಒಳ್ಳೆಯವಳು.”